ಹಳೆಯ ಸ್ಟೀರಿಯೊ ಆಂಪ್ಲಿಫೈಯರ್: ರಿಪೇರಿಯೋ, ಹೊಸದೋ?

ಎಂಬತ್ತರ ದಶಕದ ಆಂಪ್ಲಿಫೈಯರಿನಲ್ಲಿ ಒಂದು ಕಡೆಯ ಸದ್ದು ಆಗಾಗ ನಿಲ್ಲುತ್ತದೆ, ಜೊತೆಗೆ ಗುಂಯ್‌ಗುಡುತ್ತದೆ ಅಂದಿದ್ದೀರಿ. ಇಷ್ಟಕ್ಕೇ ಗುಜರಿಗೆ ಹಾಕಬೇಡಿ.

ಮೊದಲು ಪವರ್ ಆಫ್ ಮಾಡಿ ಎಡ-ಬಲ ಸ್ಪೀಕರ್ ವೈರ್ ಅದಲುಬದಲು ಮಾಡಿ. ತೊಂದರೆ ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಸ್ಪೀಕರಿನದಲ್ಲ, ಆಂಪ್ಲಿಫೈಯರಿನದು ಅಥವಾ ಅದಕ್ಕೆ ಜೋಡಿಸಿದ ಪ್ಲೇಯರಿನದು. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದು ಸದ್ದು ಮರಳಿದರೆ ವಾಲ್ಯೂಮ್ ಕಂಟ್ರೋಲಿನ ಒಳಗೆ ಕೊಳೆ ಅಷ್ಟೇ: ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಭಾಗಗಳ ಕೊಳೆ ತೆಗೆಯುವ ಸ್ಪ್ರೇ) ಸಿಂಪಡಿಸಿ, ಇಪ್ಪತ್ತು-ಮೂವತ್ತು ಸಲ ಪೂರ್ತಿ ತಿರುಗಿಸಿ.

ವಾಲ್ಯೂಮ್ ಸೊನ್ನೆಗಿಟ್ಟರೂ ಗುಂಯ್ ನಿಲ್ಲದಿದ್ದರೆ ಫಿಲ್ಟರ್ ಕೆಪಾಸಿಟರ್ (ಕರೆಂಟಿನ ಏರಿಳಿತ ಸಮ ಮಾಡುವ ಭಾಗ) ಒಣಗಿರುವ ಸಾಧ್ಯತೆ ಹೆಚ್ಚು. 4700 ಮೈಕ್ರೋಫ್ಯಾರಡ್, 50 ವೋಲ್ಟ್ ಇದ್ದರೆ ಅಷ್ಟೇ ಮೈಕ್ರೋಫ್ಯಾರಡಿನ 63 ವೋಲ್ಟಿನದು ಹಾಕಬಹುದು, ಪ್ಲಸ್-ಮೈನಸ್ ತಪ್ಪಬಾರದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ದಯವಿಟ್ಟು ಎಚ್ಚರ.

ನಿರ್ಧಾರ ಆಗುವುದು ಮುಂದಿನ ಪರೀಕ್ಷೆಯಲ್ಲಿ. ಸ್ಪೀಕರ್ ತೆಗೆದು, ಔಟ್‌ಪುಟ್ಟಿನಲ್ಲಿ ಮಲ್ಟಿಮೀಟರಿನಿಂದ ಡಿಸಿ (ಒಂದೇ ದಿಕ್ಕಿನ ವೋಲ್ಟೇಜ್) ಅಳೆಯಿರಿ. 50 ಮಿಲಿವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಹಲವು ವೋಲ್ಟ್ ತೋರಿಸಿದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು. ಆಗ ಸ್ಪೀಕರ್ ಜೋಡಿಸಿದರೆ ಅದರ ಕಾಯಿಲ್ ಸುಟ್ಟುಹೋಗಬಹುದು. ಒಳಗಿರುವುದು 2ಎನ್3055, ಎಂಜೆ2955 ಟ್ರಾನ್ಸಿಸ್ಟರ್ ಜೋಡಿಯಾದರೆ ರಿಪೇರಿ ಮಾಡಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುತ್ತವೆ. ಹಳೆಯ ಎಸ್‌ಟಿಕೆ ಐಸಿ (ಇಡೀ ಔಟ್‌ಪುಟ್ ಭಾಗ ಒಂದೇ ಚಿಪ್ಪಿನಲ್ಲಿರುವುದು) ಆಗಿದ್ದರೆ ಯೋಚಿಸಿ: ಮಾರುಕಟ್ಟೆಯಲ್ಲಿ ನಕಲಿಗಳೇ ಹೆಚ್ಚು, ಹಾಕಿದ ಕೆಲವೇ ದಿನಕ್ಕೆ ಕೈಕೊಡಬಹುದು. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ (ಒಳಗಿನ ಸರ್ಕ್ಯೂಟಿಗೆ ಹೋಗುವ ವೈರ್) ಬಿಚ್ಚಿಟ್ಟರೂ ಫ್ಯೂಸ್ ಹಾರುತ್ತಿದ್ದರೆ, ಸುಟ್ಟ ವಾಸನೆಯೂ ಇದ್ದರೆ, ಹೊಸದನ್ನೇ ಕೊಳ್ಳಿ.