ಪುಣೆಯಲ್ಲಿ ಓಡಿಸುವ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿಗೆ 17 ಇಂಚಿನ (ಟೈರ್ 225/45 ಆರ್17) ಬದಲು 18 ಇಂಚಿನ ಅಲಾಯ್ ಚಕ್ರ ಹಾಕಬಹುದಾ? ಟೈರ್ ಯಾವ ಸೈಜ್?

ಹಾಕಬಹುದು, ಆದರೆ ಟೈರಿನ ಒಟ್ಟು ಎತ್ತರ ಹೆಚ್ಚು ಬದಲಾಗಬಾರದು. ನಿಮ್ಮದು 225/45 ಆರ್17 ಅಂದಿದ್ದೀರಿ, ಅಂದ್ರೆ ಟೈರಿನ ಅಗಲ 225 ಮಿ.ಮೀ., ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಅದರ ಶೇ. 45, ರಿಮ್ 17 ಇಂಚು. 225ರ ಶೇ. 45 ಅಂದ್ರೆ ಸುಮಾರು 101 ಮಿ.ಮೀ. ಸೈಡ್‌ವಾಲ್. ಮೇಲೆ ಕೆಳಗೆ ಎರಡು ಸಲ ಸೇರಿಸಿ, 17 ಇಂಚಿನ ರಿಮ್ ಕೂಡಿಸಿದರೆ 634 ಮಿ.ಮೀ. ಬರುತ್ತದೆ. 225/40 ಆರ್18 ಹಾಕಿದರೆ 637, ಸ್ಪೀಡೋಮೀಟರ್‌ಗೂ ತೊಂದರೆಯಿಲ್ಲ.

ಜನ ಎಡವೋದು ಆಫ್‌ಸೆಟ್‌ನಲ್ಲಿ, ಅಂದ್ರೆ ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರದಲ್ಲಿ. ಈಗಿನದು 7.5 ಇಂಚು ಅಗಲ, ಇಟಿ50 (ಆಫ್‌ಸೆಟ್ 50 ಮಿ.ಮೀ.) ಅಂತಿಟ್ಟುಕೊಳ್ಳಿ. ಅಂಗಡಿಯವನು 8.5 ಇಂಚು, ಇಟಿ45 ಕೊಟ್ಟರೆ ಚಕ್ರ ಹೊರಗಡೆ ಸುಮಾರು 18 ಮಿ.ಮೀ. ಚಾಚುತ್ತದೆ, ಒಳಗಡೆ ಸಸ್ಪೆನ್ಷನ್ ಕಡೆಗೂ ಸುಮಾರು 8 ಮಿ.ಮೀ. ಹತ್ತಿರವಾಗುತ್ತದೆ. ಹಿಂದಿನ ಸೀಟಿನಲ್ಲಿ ಮೂರು ಜನ ಕೂತು ಖಂಡಾಲಾ ಘಾಟಿನ ತಿರುವಿಗೆ ಬಂದಾಗ ಫೆಂಡರ್‌ಗೆ ಉಜ್ಜುವ ಸದ್ದು ಕೇಳಿಸಬಹುದು, ಅಂಗಡಿ ಮುಂದೆ ಖಾಲಿ ನಿಂತ ಕಾರಿನಲ್ಲಿ ಅದು ಗೊತ್ತೇ ಆಗಲ್ಲ. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕಾರು ತುಂಬಿಸಿ ಓಡಿಸಿ ನೋಡಿ.

ಪಿಸಿಡಿ 5×112 (112 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್), ನಡುವಿನ ತೂತು 57.1 ಮಿ.ಮೀ. ಹೊಸ ಅಲಾಯ್‌ನ ತೂತು ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲಾಂದ್ರೆ ಸ್ಪೀಡಿನಲ್ಲಿ ಸ್ಟಿಯರಿಂಗ್ ನಡುಗಬಹುದು. ಟೈರ್ ಎಷ್ಟು ಭಾರ ಹೊರುತ್ತದೆ ಅನ್ನೋ ಸಂಖ್ಯೆ, ಅಂದ್ರೆ ಲೋಡ್ ಇಂಡೆಕ್ಸ್, ಈಗಿನದಕ್ಕಿಂತ ಕಮ್ಮಿಯಾಗಬಾರದು.

19 ಇಂಚು ನೋಡೋಕೆ ಚೆನ್ನ, ಅಷ್ಟೇ. ಮಳೆಗಾಲದ ಮುಂಬೈನಲ್ಲಿ ನೀರು ತುಂಬಿದ ಗುಂಡಿಗೆ ಇಳಿದರೆ ತೆಳು ಸೈಡ್‌ವಾಲ್ ಉಬ್ಬುತ್ತದೆ, ರಿಮ್ಮೂ ಬಾಗುತ್ತದೆ. ಆಗಾಗ ಹುಬ್ಬಳ್ಳಿ ಕಡೆ ಊರಿಗೆ ಹೋಗಿಬರುವವರಾದರೆ 17ರಲ್ಲೇ ಒಳ್ಳೆ ಟೈರ್ ಹಾಕಿಸಿ.