ಇಗರ್ಜಿಯ ವರ್ಷ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕ್ರೈಸ್ತರ ಹಬ್ಬ, ಉಪವಾಸಗಳ ಬಗ್ಗೆ ಕೇಳಿ ಎಂದಿದ್ದಕ್ಕೆ ಒಂದು ಕಟ್ಟು ಪತ್ರ ಬಂದಿವೆ. ಮೊದಲೇ ಹೇಳಿಬಿಡುತ್ತೇನೆ, ನಾನು ಪಾದ್ರಿಯಲ್ಲ. ಕಾರವಾರದ ಒಂದು ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ವರ್ಷಗಟ್ಟಲೆ ಗಂಟೆ ಹೊಡೆದವನು, ಮೇಣದಬತ್ತಿ ಹಚ್ಚಿದವನು, ಫಾದರ್ ಉಡುವ ಬಟ್ಟೆ ಇಸ್ತ್ರಿ ಮಾಡಿ ಇಟ್ಟವನು. ನನಗೆ ಗೊತ್ತಿರುವುದು ಅಲ್ಲಿಂದ ಕಂಡದ್ದು.

ಕ್ರಿಸ್ಮಸ್ ಯಾವಾಗಲೂ ಡಿಸೆಂಬರ್ 25. ಈಸ್ಟರ್ ಮಾತ್ರ ಒಮ್ಮೆ ಮಾರ್ಚ್, ಒಮ್ಮೆ ಏಪ್ರಿಲ್. ಯಾಕೆ? (ಶಿರಸಿಯ ಓದುಗರು)

ಚಂದ್ರನ ಲೆಕ್ಕ ಸ್ವಾಮಿ. ಮಾರ್ಚ್ 21ಕ್ಕೆ ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಿರಿ. ಅದರ ನಂತರದ ಭಾನುವಾರ ಈಸ್ಟರ್. ಹಾಗಾಗಿ ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಯೇಸು ಶಿಲುಬೆಗೇರಿದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿಗೆ, ಆ ಹಬ್ಬ ಹುಣ್ಣಿಮೆಯದು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು ಎಂದು 325ರಲ್ಲಿ ನಿಸೇಯಾದ ಬಿಷಪರ ಸಭೆಯಲ್ಲಿ ಒಪ್ಪಿಕೊಂಡರು. ಇಗರ್ಜಿ ಆಕಾಶ ನೋಡುವುದಿಲ್ಲ, ತನ್ನದೇ ಕೋಷ್ಟಕ ನೋಡುತ್ತದೆ. ಆದರೂ ನಿಮ್ಮ ಮನೆಯ ಪಂಚಾಂಗದ ಆಸುಪಾಸಿನಲ್ಲೇ ಸಿಗುತ್ತದೆ. 2024ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 25, ಈಸ್ಟರ್ 31. 2026ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 2, ಈಸ್ಟರ್ 5.

ಈಸ್ಟರ್ ಸರಿದಂತೆ ಅರ್ಧ ವರ್ಷವೇ ಸರಿಯುತ್ತದೆ. 46 ದಿನ ಹಿಂದೆ ಹೋದರೆ ಬೂದಿ ಬುಧವಾರ. ಭಾನುವಾರ ಉಪವಾಸವಿಲ್ಲ, ಆ ಆರು ದಿನ ಕಳೆದರೆ 40. ಅದೇ ತಪಸ್ಸು ಕಾಲ. 2026ರಲ್ಲಿ ಶಿವರಾತ್ರಿ ಫೆಬ್ರವರಿ 15ಕ್ಕೆ, ಬೂದಿ ಬುಧವಾರ 18ಕ್ಕೆ. ಗೋಕರ್ಣದಲ್ಲಿ ವಿಭೂತಿ, ಅದೇ ವಾರ ಇಲ್ಲಿ ನಮ್ಮ ಹಣೆಗೂ ಬೂದಿ. ಆ ಬೂದಿ ಎಲ್ಲಿಂದ ಅಂತೀರಾ? ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರ್‌ಗೆ ಒಂದು ವಾರ ಮೊದಲು) ಆಶೀರ್ವದಿಸಿ ಕೊಟ್ಟ ಗರಿಗಳಿಂದ. ನಮ್ಮ ಕಡೆ ತೆಂಗಿನ ಎಳೆ ಗರಿ. ಜನ ಅದನ್ನು ಮನೆಯ ಶಿಲುಬೆಗೆ ಸಿಕ್ಕಿಸಿಟ್ಟು ವರ್ಷದ ಮೇಲೆ ತಂದುಕೊಡುತ್ತಾರೆ. ಸುಟ್ಟು, ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಇಲ್ಲದಿದ್ದರೆ ನಾರು ನಾರಾಗಿ ಹಣೆಗೆ ಅಂಟುವುದೇ ಇಲ್ಲ.

ನನ್ನ ಗೆಳೆಯ ತಪಸ್ಸು ಕಾಲದಲ್ಲಿ ಕೋಳಿ ಮುಟ್ಟಲ್ಲ, ಮೀನು ಮಾತ್ರ ಹೊಡೆಯುತ್ತಾನೆ. ಇದೆಂಥ ಉಪವಾಸ? (ಅಂಕೋಲೆಯ ಓದುಗರು)

ನಿಯಮದ ಪ್ರಕಾರ ಅವನು ಸರಿ. ಬಿಡಬೇಕಾದದ್ದು ಮಾಂಸ, ಅದೂ 14 ತುಂಬಿದವರು. ಬೂದಿ ಬುಧವಾರ, ಗುಡ್ ಫ್ರೈಡೇ ಎರಡು ದಿನ 18ರಿಂದ 59 ವಯಸ್ಸಿನವರಿಗೆ ಒಂದೇ ಪೂರ್ತಿ ಊಟ. ಮೀನಿಗೆ ಅಡ್ಡಿಯಿಲ್ಲ. ಆದರೆ ಈ ನಿಯಮ ಬರೆದವರು ಕಾರವಾರದ ಮಾರ್ಕೆಟ್ಟಿನಲ್ಲಿ ಪಾಂಪ್ಲೆಟ್ ರೇಟು ಕೇಳಿರಲಿಕ್ಕಿಲ್ಲ! ಪಾಂಪ್ಲೆಟ್ ಫ್ರೈ ತಿಂದು ಬಾಯಿ ಒರೆಸಿಕೊಂಡು "ಉಪವಾಸ" ಅನ್ನುವುದು ನನಗಂತೂ ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಅಷ್ಟೇ.

ಗುಡ್ ಫ್ರೈಡೇಗೆ ಸ್ನೇಹಿತೆಯ ಜೊತೆ ಇಗರ್ಜಿಗೆ ಹೋಗಿದ್ದೆ. ಗಂಟೆ ಇಲ್ಲ, ಹೂವಿಲ್ಲ, ಪೀಠದ ಮೇಲೆ ಬಟ್ಟೆಯೂ ಇಲ್ಲ. ಪೂಜೆಯೂ ಇಲ್ಲ ಅಂದರು. ದೊಡ್ಡ ದಿನವೇ ಹೀಗಾ? (ಹೊನ್ನಾವರದ ಓದುಗರು)

ಇಡೀ ವರ್ಷದಲ್ಲಿ ಬಲಿಪೂಜೆ (ಮಾಸ್) ಇಲ್ಲದ ದಿನ ಅದೇ. ಗುರುವಾರ ಸಂಜೆಯಿಂದ ನೋಡಿ. ಅಂದು ಬಿಳಿ ಉಡುಪು. "ಮಹೋನ್ನತದಲ್ಲಿ ದೇವರಿಗೆ ಮಹಿಮೆ" ಹಾಡುವಾಗ ಗಂಟೆಗಳನ್ನೆಲ್ಲ ಒಟ್ಟಿಗೆ ಬಾರಿಸುತ್ತೇವೆ. ಆಮೇಲೆ ಶನಿವಾರ ರಾತ್ರಿವರೆಗೆ ಹಗ್ಗ ಮುಟ್ಟುವ ಹಾಗಿಲ್ಲ. ಗಂಟೆಯ ಜಾಗದಲ್ಲಿ ಮರದ ಮತ್ರಕ್, ಕಟಕಟ ಎಂದು ಒಣ ಸದ್ದು. ಫಾದರ್ ಊರಿನವರ ಕಾಲು ತೊಳೆಯುತ್ತಾರೆ. ಪೂಜೆ ಮುಗಿದ ಮೇಲೆ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು, ಪಕ್ಕದ ಪೀಠಕ್ಕೆ ಒಯ್ಯುತ್ತಾರೆ. ಜನ ಅಲ್ಲಿ ಕೂತು ಪ್ರಾರ್ಥಿಸುವಾಗ ನಾವು ಇತ್ತ ದೊಡ್ಡ ಪೀಠದ ಬಟ್ಟೆ, ದೀಪ, ಹೂದಾನಿ ಎಲ್ಲ ತೆಗೆದು ಬೋಳು ಮಾಡುತ್ತೇವೆ. ನನಗೆ ಇಡೀ ವರ್ಷದಲ್ಲಿ ಕಷ್ಟದ ಕೆಲಸ ಇದೇ. ಭಾರವೇನಿಲ್ಲ, ಆದರೂ ಯಾರೂ ಮಾತಾಡುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಮೂರರ ಹೊತ್ತಿಗೆ ನೀವು ನೋಡಿದ್ದು ಪಾಡುಗಳ, ಅಂದರೆ ಯೇಸು ಪಟ್ಟ ಯಾತನೆಗಳ, ಆರಾಧನೆ. ಫಾದರ್ ಕೆಂಪು ಉಟ್ಟು ಬಂದು ನೆಲದ ಮೇಲೆ ಬೋರಲು ಮಲಗಿದ್ದು ನೆನಪಿದೆಯಾ? ಯೊವಾನ್ನನ ಶುಭಸಂದೇಶದ (ಬೈಬಲ್ಲಿನ ಯೇಸುಚರಿತೆ) ಪಾಡಿನ ಕಥೆ, ಶಿಲುಬೆಗೆ ಮುತ್ತು, ಗುರುವಾರ ಉಳಿಸಿಟ್ಟ ಪ್ರಸಾದ. ಮುಗಿದ ಮೇಲೆ ಎಲ್ಲರೂ ಸುಮ್ನೆ ಹೊರಡುತ್ತಾರೆ.

ಮುಂದಿನ ವರ್ಷ ಶನಿವಾರ ರಾತ್ರಿಯೂ ಹೋಗಿ, ಅರ್ಧಕ್ಕೆ ಬಿಡಬೇಡಿ. ದೀಪವೆಲ್ಲ ಆರಿಸಿ ಅಂಗಳದಲ್ಲಿ ಬೆಂಕಿ ಹಾಕುತ್ತಾರೆ. ದೊಡ್ಡ ಪಾಸ್ಕ ಮೇಣದಬತ್ತಿಯ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ ಕೆತ್ತಿ, ಐದು ಗಾಯಗಳ ಲೆಕ್ಕಕ್ಕೆ ಐದು ಧೂಪದ ಹರಳು ಚುಚ್ಚಿ ಹಚ್ಚುತ್ತಾರೆ. ಕತ್ತಲ ಇಗರ್ಜಿಗೆ ಆ ಒಂದೇ ಬೆಳಕು ಹೋಗುತ್ತದೆ, ಅದರಿಂದ ಎಲ್ಲರ ಕೈಯ ಬತ್ತಿ. ಕೇಳಲಿಕ್ಕೆ ಚೆಂದ. ಕಾರವಾರದ ಸಮುದ್ರದ ಗಾಳಿಗೆ ಹಚ್ಚಿ ನೋಡಿ ಆಮೇಲೆ! ನನ್ನ ಉಪಾಯ: ಬೆಂಕಿಯನ್ನು ಗೋಡೆಯ ಮರೆಗೆ ಹಾಕುವುದು, ತೆಂಗಿನ ಕರಟ ಜಾಸ್ತಿ ಸೇರಿಸುವುದು. ಕರಟದ ಕೆಂಡ ಬೇಗ ಆರುವುದಿಲ್ಲ, ಧೂಪಕ್ಕೂ ಅದೇ ಆಯಿತು. ಒಳಗೆ ಮತ್ತೆ "ಮಹಿಮೆ" ಹಾಡು ಬಂದಾಗ ಗಂಟೆ ಹೊಡೆಯಲು ಹುಡುಗರು ಜಗಳಾಡುತ್ತಾರೆ.

ಪ್ರತಿ ಡಿಸೆಂಬರ್ 3ಕ್ಕೆ ಚಂದಾವರದ ಫೆಸ್ತಿಗೆ ಹೋಗುತ್ತೇವೆ. ನಾವು ಹಿಂದೂಗಳು. ಪ್ರಸಾದದ ಸಾಲಿನಲ್ಲಿ ನಿಲ್ಲಬಹುದೇ? (ಕುಮಟೆಯ ಓದುಗರು)

ಆ ಸಾಲು ಬೇಡ. ಪರಮಪ್ರಸಾದ ದೀಕ್ಷಾಸ್ನಾನವಾದ ಕಥೋಲಿಕರಿಗೆ. ಹಾಗೆಂದು ಬೇಜಾರು ಮಾಡಿಕೊಳ್ಳಬೇಡಿ. ಮೇಣದಬತ್ತಿ ಹಚ್ಚಿ, ಹರಕೆ ಒಪ್ಪಿಸಿ, ಪೂಜೆಗೆ ಕೂತುಕೊಳ್ಳಿ, ಯಾರೂ ಏನೂ ಅನ್ನುವುದಿಲ್ಲ. ಚಂದಾವರದ ಹಬ್ಬ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರದು. ಅವರು 1552ರ ಡಿಸೆಂಬರ್ 3ರಂದು ಚೀನಾ ಕರಾವಳಿಯ ದ್ವೀಪವೊಂದರಲ್ಲಿ ತೀರಿಕೊಂಡರು, ಅದಕ್ಕೇ ಆ ತಾರೀಕು.

ಮಳೆಗಾಲದಲ್ಲಿ ನಿಮಗೆ ಹಬ್ಬವೇ ಇಲ್ಲವಾ? (ಕಾರವಾರದ ವಿದ್ಯಾರ್ಥಿನಿ)

ಇದೆ, ಆದರೆ ಹಸಿರು ಉಡುಪಿನ ಸಾಧಾರಣ ಕಾಲ ಅದು. ವರ್ಷದಲ್ಲಿ 33 ಅಥವಾ 34 ವಾರ ಹಸಿರೇ. ನೇರಳೆ, ಬಿಳಿ ಬಟ್ಟೆ ಕಪಾಟಿನಲ್ಲಿ ಬೂಸ್ಟು ಹಿಡಿಯದ ಹಾಗೆ ಕಾಯುವುದೇ ಆಗ ನನ್ನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲರ್ ಕಡಲಿಗಿಳಿಯುವುದಿಲ್ಲ. ಮೀನುಗಾರರು ಮನೆಯಲ್ಲೇ ಇರುತ್ತಾರೆ, ವಾರದ ದಿನದ ಪೂಜೆಗೂ ಗಂಡಸರು ಕಾಣುತ್ತಾರೆ. ಇಗರ್ಜಿ ವರ್ಷದ ಅಸಲು ಭಾಗ ಇದೇ ಅಂತ ನನಗನ್ನಿಸುತ್ತದೆ. ಫೋಟೋ ಹೊಡೆಯಲಿಕ್ಕೆ ಏನೂ ಇಲ್ಲ, ಭಾನುವಾರದಿಂದ ಭಾನುವಾರಕ್ಕೆ ಶುಭಸಂದೇಶ ಸಾಲಾಗಿ ಓದುತ್ತಾ ಹೋಗುತ್ತಾರೆ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ.

ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಳ ಹುಟ್ಟುಹಬ್ಬ, ಮೊಂತಿ ಫೆಸ್ತ್. ಅದಕ್ಕೂ ಮೊದಲು ಒಂಬತ್ತು ದಿನ ಮಕ್ಕಳು ಹೂ ತರುತ್ತಾರೆ. ಹಬ್ಬದ ದಿನ ಹೊಸ ತೆನೆ ಆಶೀರ್ವದಿಸಿ ಮನೆಗೊಂದು ಕೊಡುತ್ತಾರೆ. ಅಕ್ಕಿ ಸುಲಿದು ತೆಂಗಿನ ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು. ನಿಮ್ಮ ಮನೆಯ ಹೊಸ್ತಿನ ಊಟವೂ ಹೆಚ್ಚು ಕಡಿಮೆ ಹೀಗೇ ಅಲ್ವಾ?

ಗೋದಲಿ ಕಟ್ಟುವುದರ ಬಗ್ಗೆಯೂ ಪತ್ರಗಳಿವೆ. ಅವಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ.