ಧಾರವಾಡದ ಮಿಶನ್ ಸಾಲಿಗೆ ಮಗಳನ್ನು ಸೇರಿಸುವ ಮೊದಲು ಏನೇನು ವಿಚಾರಿಸಬೇಕು?

ನೀವು ಕೇಳಿದ್ದು ಮೂರು: ಇಲ್ಲಿಯ ಮಿಶನ್ ಸಾಲಿಗಳು ಎಷ್ಟು ಹಳೆಯವು, ಕ್ರೈಸ್ತರಲ್ಲದ ಮಕ್ಕಳು ಬೈಬಲ್ ಪಾಠಕ್ಕೆ ಕೂರಲೇಬೇಕೆ, ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಅಡಿಯ ಉಚಿತ ಸೀಟು ಸಿಗುತ್ತದೆಯೆ.

ಕೊನೆಯದನ್ನು ಮೊದಲು ಮುಗಿಸುತ್ತೇನೆ. ಸಿಗುವುದಿಲ್ಲ. ಸರ್ಕಾರದ ಅನುದಾನವಿರಲಿ, ಇಲ್ಲದಿರಲಿ, ಮಿಶನ್ ಸಾಲಿಯಂಥ ಅಲ್ಪಸಂಖ್ಯಾತ ಶಾಲೆಗಳಿಗೆ ಆರ್‌ಟಿಇ ಕಾಯ್ದೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಹೇಳಿದೆ. ಆ ತೀರ್ಪನ್ನು ಮತ್ತೆ ನೋಡಬೇಕೆಂದು 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅಂದಿದೆ. ಅದನ್ನೇ ನಂಬಿಕೊಂಡು ಅರ್ಜಿ ತಡಮಾಡಬೇಡಿ.

ಇತಿಹಾಸಕ್ಕೆ ಬಂದರೆ, 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಲ್ಲಿ ಇಳಿದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ. ಆಗ ಈ ಸೀಮೆ ಮುಂಬೈ ಆಡಳಿತದಲ್ಲಿತ್ತು, ಮರಾಠಿಯದೇ ಜೋರು. ಇವರು ಮಾತ್ರ ಜನರ ಮಾತಾದ ಕನ್ನಡವನ್ನೇ ಹಿಡಿದರು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ ಕಿಟೆಲ್ ಇದೇ ಮಿಶನ್ನಿನವರು. ಧಾರವಾಡದ ಕಿಟೆಲ್ ಕಾಲೇಜಿಗೆ ಅವರದೇ ಹೆಸರು. ಬಾಸೆಲ್ ಪರಂಪರೆಯ ಸಂಸ್ಥೆಗಳು ಪ್ರೊಟೆಸ್ಟಂಟರವು. ಸೇಂಟ್ ಜೋಸೆಫ್ಸ್ ಸಾಲಿ ಕೆಥೊಲಿಕರದು. ಜನ ಎರಡನ್ನೂ 'ಮಿಶನ್ ಸಾಲಿ' ಅನ್ನುತ್ತಾರೆ, ಆದರೆ ಆಡಳಿತ ಬೇರೆ, ಶುಲ್ಕ ಬೇರೆ.

ನನ್ನ ಪ್ರಕಾರ ನೀವು ಕೇಳಬೇಕಿದ್ದ ಪ್ರಶ್ನೆ ಇನ್ನೊಂದಿದೆ: ಸೇರಿಸುವ ವಿಭಾಗ ಅನುದಾನಿತವೋ ಅಲ್ಲವೋ? ಹಳೇ ಸಂಸ್ಥೆಗಳಲ್ಲಿ ಒಂದೇ ಗೇಟು, ಒಂದೇ ಗಂಟೆ ಇದ್ದರೂ ಲೆಕ್ಕದಲ್ಲಿ ಎರಡು ಸಾಲಿ ಇರಬಹುದು. ಅನುದಾನಿತ ಕನ್ನಡ ಮಾಧ್ಯಮದಲ್ಲಿ ಮಂಜೂರಾದ ಹುದ್ದೆಯ ಶಿಕ್ಷಕರಿಗೆ ಸರ್ಕಾರದ ಸಂಬಳ, ಮಕ್ಕಳಿಗೆ ಬಿಸಿಯೂಟ ಮತ್ತು ಉಚಿತ ಪಠ್ಯಪುಸ್ತಕ. ಪಕ್ಕದ ಕಟ್ಟಡದ ಇಂಗ್ಲಿಷ್ ಮಾಧ್ಯಮ ಅನುದಾನರಹಿತವಾಗಿದ್ದರೆ ಇದ್ಯಾವುದೂ ಇಲ್ಲ. ದೊಡ್ಡ ಹೆಸರು ನೋಡಿ ದುಡ್ಡು ಕಟ್ಟಿದವರು ಎಡವುವುದು ಇಲ್ಲಿಯೇ. ಆಫೀಸಿನಲ್ಲಿ ಆ ವಿಭಾಗದ ಯುಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳಿ: 11 ಅಂಕಿ, ಮೊದಲ ಎರಡು 29 ಅಂದರೆ ಕರ್ನಾಟಕ. ಅದನ್ನು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ತೋರಿಸಿದರೆ ಯಾವ ತರಗತಿಗೆ ಅನುದಾನವಿದೆ ಅನ್ನುವುದು ತಿಳಿಯುತ್ತದೆ. ಪ್ರಾಥಮಿಕ ಅನುದಾನರಹಿತವಾಗಿ ಹೈಸ್ಕೂಲು ಅನುದಾನಿತವಾಗಿದ್ದರೆ, 8ನೇ ತರಗತಿಗೆ ಸೀಟು ತಾನಾಗಿ ಬರುತ್ತದೋ ಹೊಸ ಅರ್ಜಿ ಬೇಕೋ ಅದನ್ನೂ ಈಗಲೇ ಕೇಳಿಬಿಡಿ.

ಬೈಬಲ್ ಪಾಠ ಕಡ್ಡಾಯವಲ್ಲ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಮಾನ್ಯತೆ ಪಡೆದ ಯಾವ ಶಾಲೆಯೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗಾಗಲಿ ಪೂಜೆ-ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. ಆದರೆ ಆ ಒಪ್ಪಿಗೆ ಪ್ರವೇಶ ಅರ್ಜಿಯ ಕೊನೆಯ ಪುಟದ ಸಣ್ಣ ಅಕ್ಷರದಲ್ಲೇ ಇರಬಹುದು, ಓದಿ ಸಹಿ ಮಾಡಿ. ಕೆಥೊಲಿಕ್ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಪಿರಿಯಡ್ಡಿನಲ್ಲಿ ಉಳಿದವರಿಗೆ ನೀತಿಪಾಠ ಇಡುವುದು ಸಾಮಾನ್ಯ ರೂಢಿ.

ಒಂದನೇ ತರಗತಿಗಾದರೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬುದು ನಿಯಮ. 2025–26ಕ್ಕೆ ಸಡಿಲಿಕೆ ಕೊಟ್ಟಿದ್ದರು, ಆದ್ದರಿಂದ ಆಯಾ ವರ್ಷದ ಸುತ್ತೋಲೆ ನೋಡಿ. ಜನನ ಪ್ರಮಾಣಪತ್ರದಲ್ಲಿ ಬರೀ ಹೆಸರು, ಆಧಾರಿನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎಲ್ಲಾ ಸೇರಿರುವುದು ನಮ್ಮ ಕಡೆ ಮಾಮೂಲಿ ತೊಡಕು. ಮೊದಲು ಎರಡನ್ನೂ ಒಂದು ಮಾಡಿಸಿ. ಸರ್ಕಾರದ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಹೆಸರು ಏರಿದ ಮೇಲೆ ಪ್ರಿಂಟ್ ತೆಗೆಸಿ ಓದಿ: ಪಾಟೀಲ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದು 'ಐ' ಹಾಕಿದ್ದಾರೋ ಎರಡು 'ಇ' ಹಾಕಿದ್ದಾರೋ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವುದು ಅದೇ.